ಬೈಯುವ ಮೊದಲು ಓದಿದ ಎಎಸ್‌ಪಿ ಕೋಡ್

ಕ್ಲಾಸಿಕ್ ಎಎಸ್‌ಪಿ, ಅಂದರೆ ವೆಬ್ ಪುಟಗಳನ್ನು ಸರ್ವರಿನಲ್ಲಿ ತಯಾರಿಸುವ ಮೈಕ್ರೋಸಾಫ್ಟ್‌ನ ಹಳೆಯ ತಂತ್ರಜ್ಞಾನ. ಅದರ ಹೆಸರು ಹೇಳಿದ ಕೂಡಲೇ ಡೆವಲಪರ್‌ಗಳು ಮೊದಲು ಕೇಳುವ ಪ್ರಶ್ನೆ, "ಅದು ಇನ್ನೂ ಇದೆಯಾ?" ಅಂತ. ಎರಡನೆಯ ಮಾತೂ ಹೆಚ್ಚುಕಡಿಮೆ ಒಂದೇ: "ಎಲ್ಲ ಕಿತ್ತು ಹಾಕಿ ಹೊಸದಾಗಿ ಬರೆಯೋದು ಒಳ್ಳೇದು." ನಮ್ಮ ತಂಡದ ಕೈಗೆ ಇಂಥದ್ದೊಂದು ಅಪ್ಲಿಕೇಶನ್ ಬಂದ ದಿನವೂ ಈ ಎರಡೂ ಮಾತು ಬಂದವು. ದಾಸ್ತಾನು, ಖರೀದಿ, ವಿತರಣೆ ಮೂರನ್ನೂ ನೋಡಿಕೊಳ್ಳುವ ಒಳಬಳಕೆಯ ವ್ಯವಸ್ಥೆ ಅದು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಓಡುತ್ತಿತ್ತು. ಬರೆದವರು ಯಾರೂ ಅಲ್ಲಿ ಉಳಿದಿರಲಿಲ್ಲ. ಬಳಸುವವರು ಮಾತ್ರ ಇದ್ದರು. ಅದು ಯಾವ ಭಾಷೆಯಲ್ಲಿದೆ ಅಂತ ಅವರು ಯಾವತ್ತೂ ಕೇಳಿಕೊಂಡವರಲ್ಲ. ಬೆಳಗ್ಗೆ ತೆರೆದರೆ ಕೆಲಸ ಆಗಬೇಕು, ಅಷ್ಟೇ.

ಆ ಕೋಡನ್ನು ಓದಿ, ರಿಪೇರಿ ಮಾಡಿ, ಪುಟ ಪುಟವಾಗಿ ಬೇರೆ ಕಡೆಗೆ ಸಾಗಿಸುವ ಕೆಲಸದಲ್ಲಿ ನಾನು ಮೊದಲಿನಿಂದಲೂ ಇದ್ದೇನೆ. ಈಗ ನನಗೆ ಒಂದು ವಿಷಯ ಖಚಿತವಾಗಿದೆ. ಹಳೆಯ ತಂತ್ರಜ್ಞಾನ ನಮ್ಮ ಸಮಯ ತಿನ್ನುವುದಕ್ಕಿಂತ, ಅದರ ಬಗ್ಗೆ ನಮಗಿರುವ ತಾತ್ಸಾರ ಜಾಸ್ತಿ ತಿನ್ನುತ್ತದೆ. ಎಎಸ್‌ಪಿಯನ್ನು ಬಿಟ್ಟು ಹೊರಡಲು ಗಟ್ಟಿ ಕಾರಣಗಳಿವೆ. ಆದರೆ ನಾವು ಸಾಮಾನ್ಯವಾಗಿ ಬೈಯುವುದು ಆ ಕಾರಣಗಳಿಗಲ್ಲ.

ತಂಡದಲ್ಲಿ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ ಇದ್ದಳು. ಎಎಸ್‌ಪಿ ಶುರುವಾದಾಗ ಅವಳು ಹುಟ್ಟಿರಲಿಲ್ಲ. "ಸರ್, ಎಚ್‌ಟಿಎಂಎಲ್ ನಡುವೆ ಡೇಟಾಬೇಸ್ ಕೋಡ್ ತುರುಕಿದಾರಲ್ಲ, ಇದನ್ನ ಯಾರಾದ್ರೂ ಯೋಚನೆ ಮಾಡಿ ಬರೆದಿರ್ತಾರಾ?" ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಎಎಸ್‌ಪಿ ಬಂದದ್ದು 1996ರ ಡಿಸೆಂಬರ್‌ನಲ್ಲಿ, ವಿಂಡೋಸ್ ಎನ್‌ಟಿ 4.0 ಮೇಲೆ ಓಡುವ ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್ 3.0 ಜೊತೆ. ಆಗ ಡೈನಾಮಿಕ್ ಪುಟ, ಅಂದರೆ ಕೇಳಿದಾಗ ಆಗಲೇ ತಯಾರಾಗುವ ಪುಟ, ಬಹಳ ಕಡೆ ಸಿಜಿಐ ಅನ್ನುವ ಪದ್ಧತಿಯಲ್ಲಿ ಬರುತ್ತಿತ್ತು. ಬ್ರೌಸರ್‌ನಿಂದ ಒಂದೊಂದು ರಿಕ್ವೆಸ್ಟ್ ಬಂದಾಗಲೂ ಸರ್ವರ್ ಹೊಸ ಪ್ರೊಸೆಸ್ ಎಬ್ಬಿಸಿ, ಕೆಲಸ ಮುಗಿಸಿ, ಮತ್ತೆ ಮಲಗಿಸಬೇಕಿತ್ತು. ಪುಟದ ಎಚ್‌ಟಿಎಂಎಲ್ ಎಲ್ಲ ಪ್ರೋಗ್ರಾಂ ಒಳಗೆ ಪ್ರಿಂಟ್ ಸಾಲುಗಳಾಗಿ ಕೂತಿರುತ್ತಿತ್ತು. ಎಎಸ್‌ಪಿ ಇದನ್ನು ತಿರುಗಿಸಿತು. ಪುಟವೇ ಮುಖ್ಯ, ಅದರ ನಡುವೆ ಬೇಕಾದ ಕಡೆ ನಾಲ್ಕು ಸಾಲು ಕೋಡ್. ಓಡುವುದು ವೆಬ್ ಸರ್ವರ್ ಒಳಗೇ. ರಿಕ್ವೆಸ್ಟ್, ರೆಸ್ಪಾನ್ಸ್, ಸೆಷನ್, ಅಪ್ಲಿಕೇಶನ್, ಸರ್ವರ್ ಅನ್ನುವ ಐದು ಆಬ್ಜೆಕ್ಟ್ ಪರಿಚಯವಾದರೆ ಆ ದಿನವೇ ಕೆಲಸ ಶುರು ಮಾಡಬಹುದಿತ್ತು. ವಿಷುಯಲ್ ಬೇಸಿಕ್ ಗೊತ್ತಿದ್ದವರು ಆಗ ಬೇಕಾದಷ್ಟು ಜನ ಇದ್ದರು. ಅವರೆಲ್ಲ ಅದರದೇ ಚಿಕ್ಕ ರೂಪವಾದ, ಎಎಸ್‌ಪಿ ಪುಟಗಳಲ್ಲಿ ಬರೆಯುವ ವಿಬಿಸ್ಕ್ರಿಪ್ಟ್ ಭಾಷೆ ಹಿಡಿದು ವೆಬ್‌ಗೆ ಬಂದರು. ಬಂದವರಿಗೆ ಎಚ್‌ಟಿಎಂಎಲ್ ಮತ್ತು ಕೋಡನ್ನು ಬೇರೆ ಬೇರೆ ಇಡಿ ಅಂತ ಹೇಳುವ ಅಭ್ಯಾಸ ಆಗಿನ್ನೂ ಬೆಳೆದಿರಲಿಲ್ಲ. ಇದನ್ನೆಲ್ಲ ಅವಳಿಗೆ ಹೇಳಿದೆ. ಯೋಚನೆ ಮಾಡಿಯೇ ಬರೆದಿದ್ದರು, ಆ ಕಾಲದ ಯೋಚನೆ ಅದು.

2000ದಲ್ಲಿ ವಿಂಡೋಸ್ 2000 ಜೊತೆ ಎಎಸ್‌ಪಿ 3.0 ಬಂತು. 2002ರಲ್ಲಿ ಎಎಸ್‌ಪಿ ಡಾಟ್ ನೆಟ್ ಬಂತು, ಅದು ಪೂರ್ತಿ ಬೇರೆ ವ್ಯವಸ್ಥೆ. ಅಲ್ಲಿಗೆ ಹಳೆಯ ಎಎಸ್‌ಪಿಯ ಬೆಳವಣಿಗೆ ನಿಂತಿತು. ಇಲ್ಲೇ ಪಿಎಚ್‌ಪಿ ಅನ್ನುವ ಇನ್ನೊಂದು ವೆಬ್ ಭಾಷೆಯ ಜೊತೆ ಹೋಲಿಸಿ ನೋಡಬೇಕು. ಅದೂ ತೊಂಬತ್ತರ ದಶಕದ್ದೇ, 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಬಿಡುಗಡೆ ಮಾಡಿದ್ದು. ಅದನ್ನೂ ಜನ ಬೇಕಾದಷ್ಟು ಬೈದಿದ್ದಾರೆ. ಆದರೆ ಪಿಎಚ್‌ಪಿ ಮುಂದೆ ಸಾಗಿತು. 2015ರಲ್ಲಿ 7 ಬಂತು, 2020ರಲ್ಲಿ 8 ಬಂತು. ಹದಿನೈದು ವರ್ಷದ ಹಿಂದಿನ ಅಭಿಪ್ರಾಯ ಹಿಡಿದುಕೊಂಡು ಇವತ್ತಿನ ಪಿಎಚ್‌ಪಿಯನ್ನು ಬೈದರೆ ಅದು ತಪ್ಪು ವಿಳಾಸಕ್ಕೆ ಹೋಗುತ್ತದೆ. ಎಎಸ್‌ಪಿಗೆ ಆ ಅದೃಷ್ಟ ಇಲ್ಲ. 2000ದಲ್ಲಿ ಏನಿತ್ತೋ ಇವತ್ತೂ ಅದೇ. ಒಂದು ಲೆಕ್ಕದಲ್ಲಿ ಇದೇ ಅದರ ಶಕ್ತಿಯೂ ಹೌದು. ಆಗ ಬರೆದ ಪುಟ ಇವತ್ತಿನ ವಿಂಡೋಸ್ ಸರ್ವರ್ ಮೇಲೂ ಹೆಚ್ಚು ತಕರಾರಿಲ್ಲದೆ ಓಡುತ್ತದೆ. ಇಂಥ ಮಾತನ್ನು ಎಷ್ಟು ಫ್ರೇಮ್‌ವರ್ಕ್‌ಗಳ ಬಗ್ಗೆ ಹೇಳಬಹುದು?

ಮೊದಲ ಕೆಲಸ, ಅದನ್ನು ನಮ್ಮ ಯಂತ್ರಗಳಲ್ಲಿ ಓಡಿಸುವುದು. ಬಹಳ ಜನ ಎಎಸ್‌ಪಿಯನ್ನು ದ್ವೇಷಿಸಲು ಶುರು ಮಾಡುವುದೇ ಈ ಹಂತದಲ್ಲಿ. ಐಐಎಸ್ 7ರಿಂದ ಈಚೆಗೆ ಎಎಸ್‌ಪಿ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ. ವಿಂಡೋಸ್ ಫೀಚರ್‌ಗಳ ಪಟ್ಟಿಯಲ್ಲಿ ಹುಡುಕಿ ಟಿಕ್ ಮಾಡಬೇಕು. ಮೇಲಿನ ಫೋಲ್ಡರಿಗೆ ಎರಡು ಚುಕ್ಕಿ ಹಾಕಿ ಹೋಗುವ ಪೇರೆಂಟ್ ಪಾತ್ ಸೌಲಭ್ಯ ಐಐಎಸ್ 6ರಿಂದಲೇ ಬಂದ್ ಆಗಿರುತ್ತದೆ. ನಮ್ಮ ಕೋಡಿನಲ್ಲಿ ಅರ್ಧಕ್ಕರ್ಧ ಇನ್‌ಕ್ಲೂಡ್‌ಗಳು (ಬೇರೆ ಫೈಲನ್ನು ಪುಟಕ್ಕೆ ಸೇರಿಸುವ ಸಾಲುಗಳು) ಅದನ್ನೇ ನಂಬಿದ್ದವು. ಫೈಲ್ ಅಪ್‌ಲೋಡ್‌ಗೆ ಒಂದು ಹಳೆಯ ಕಾಮ್ ಕಾಂಪೊನೆಂಟ್, ಅಂದರೆ ವಿಂಡೋಸ್‌ಗೆ ಬೇರೆಯಾಗಿ ಸೇರಿಸುವ ಸಿದ್ಧ ತುಂಡು, ಬಳಸಿದ್ದರು. ಅದು 32 ಬಿಟ್‌ನದು. ಹಾಗಾಗಿ ಐಐಎಸ್‌ನ ಅಪ್ಲಿಕೇಶನ್ ಪೂಲ್ ಸೆಟ್ಟಿಂಗ್‌ನಲ್ಲಿ 32 ಬಿಟ್‌ಗೆ ಅನುಮತಿ ಕೊಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಏನಾದರೂ ತಪ್ಪಿದರೆ ಪರದೆಯ ಮೇಲೆ ಬರುವುದು 500 ಅನ್ನುವ ಒಂದೇ ಸಂಖ್ಯೆ. ಎರರ್‌ಗಳನ್ನು ಬ್ರೌಸರಿಗೆ ಕಳಿಸು ಅನ್ನುವ ಸೆಟ್ಟಿಂಗ್ ಆನ್ ಮಾಡಿದ ಮೇಲೆ ಮಾತ್ರ ಯಾವ ಫೈಲು, ಯಾವ ಸಾಲು ಅಂತ ಗೊತ್ತಾಗುತ್ತದೆ. ಡೆವಲಪರ್ ಯಂತ್ರದಲ್ಲಿ ಮಾತ್ರ ಇದನ್ನು ಆನ್ ಇಡಬೇಕು, ಲೈವ್ ಸರ್ವರಿನಲ್ಲಿ ಯಾವ ಕಾರಣಕ್ಕೂ ಬೇಡ.

ಇದನ್ನೆಲ್ಲ ಒಂದು ಪುಟದಲ್ಲಿ ಬರೆದಿಟ್ಟೆವು. ಮುಂದೆ ಯಾರೇ ತಂಡಕ್ಕೆ ಬಂದರೂ ಆ ಪುಟ ನೋಡಿಕೊಂಡು ಮಧ್ಯಾಹ್ನದೊಳಗೆ ಅಪ್ಲಿಕೇಶನ್ ಓಡಿಸುತ್ತಿದ್ದರು. "ಎಎಸ್‌ಪಿ ಕಷ್ಟ" ಅನ್ನುವ ದೂರಿನಲ್ಲಿ ಒಂದು ದೊಡ್ಡ ಪಾಲು ಈ ಪುಟದಿಂದಲೇ ಹೋಯಿತು.

ಆಮೇಲೆ ಓದು. ಪುಟ ತೆರೆದು ಮೇಲಿನಿಂದ ಕೆಳಗೆ ಓದಿಕೊಂಡು ಹೋಗುವುದು. ಇದರಲ್ಲಿ ಒಂದು ಸಂತೋಷ ಇದೆ, ಮುಚ್ಚಿಡುವುದೇಕೆ. ಇವತ್ತಿನ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಒಂದು ಬಟನ್ ಒತ್ತಿದರೆ ಏನಾಗುತ್ತದೆ ಅಂತ ತಿಳಿಯಲು ಹತ್ತಾರು ಫೈಲ್ ಹಾರಬೇಕು. ಇಲ್ಲಿ ಎಲ್ಲ ಕಣ್ಣ ಮುಂದೇ ಇರುತ್ತದೆ. ಫಾರ್ಮ್ ಓದಿದರು, ಪರಿಶೀಲಿಸಿದರು, ಡೇಟಾಬೇಸಿಗೆ ಬರೆದರು, ಪಟ್ಟಿ ತೋರಿಸಿದರು. ಫೈಲ್ ಬದಲಿಸಿ ಉಳಿಸಿದರೆ ಬದಲಾವಣೆ ಕಾಣುತ್ತದೆ. ಬಿಲ್ಡ್ ಇಲ್ಲ, ಕಾಯುವುದಿಲ್ಲ.

ಆದರೆ ಕೆಲವು ಗುಣಗಳನ್ನು ಮೊದಲೇ ತಿಳಿದುಕೊಳ್ಳದಿದ್ದರೆ ಈ ಓದು ದಾರಿ ತಪ್ಪಿಸುತ್ತದೆ. ಇನ್‌ಕ್ಲೂಡ್ ಸಾಲುಗಳು ಕೋಡ್ ಓಡುವ ಮೊದಲೇ ಪುಟಕ್ಕೆ ಅಂಟಿಕೊಳ್ಳುತ್ತವೆ. ಇಫ್ ಒಳಗೆ ಒಂದು, ಎಲ್ಸ್ ಒಳಗೆ ಇನ್ನೊಂದು ಇನ್‌ಕ್ಲೂಡ್ ಹಾಕಿದ್ದರೆ ಎರಡೂ ಬಂದೇ ಬರುತ್ತವೆ. ವಿಬಿಸ್ಕ್ರಿಪ್ಟ್‌ನ ಆಂಡ್ ಎರಡೂ ಬದಿಯನ್ನು ಲೆಕ್ಕ ಹಾಕುತ್ತದೆ, ಮೊದಲನೆಯದು ಸುಳ್ಳಾದರೂ ಎರಡನೆಯದನ್ನು ಬಿಡುವುದಿಲ್ಲ. ಹಾಗಾಗಿ "ರೆಕಾರ್ಡ್ ಮುಗಿದಿಲ್ಲ ಮತ್ತು ಈ ಕಾಲಂ 5ಕ್ಕೆ ಸಮ" ಅಂತ ಒಂದೇ ಸಾಲಿನಲ್ಲಿ ಬರೆದರೆ, ರೆಕಾರ್ಡ್ ಮುಗಿದಾಗ ಪುಟ ಬೀಳುತ್ತದೆ. ರೆಕಾರ್ಡ್‌ಸೆಟ್ ಅಂದರೆ ಡೇಟಾಬೇಸಿನಿಂದ ಬಂದ ದಾಖಲೆಗಳ ಗುಂಪು. ಅದರ ಕಾಲಂ ಒಂದನ್ನು ವ್ಯಾಲ್ಯೂ ಅಂತ ಕೇಳದೆ ಹಾಗೇ ಡಿಕ್ಷನರಿ ಅನ್ನುವ ಆಬ್ಜೆಕ್ಟಿಗೆ ಸೇರಿಸಿದರೆ ಒಳಗೆ ಹೋಗುವುದು ಮೌಲ್ಯವಲ್ಲ, ಫೀಲ್ಡ್ ಆಬ್ಜೆಕ್ಟ್. ರೆಕಾರ್ಡ್‌ಸೆಟ್ ಮುಚ್ಚಿದ ಮೇಲೆ ಅದನ್ನು ಮುಟ್ಟಿದರೆ ಎರರ್. ಇವು ಗೊತ್ತಿರುವವರಿಗೆ ಸಣ್ಣ ವಿಷಯ. ಗೊತ್ತಿಲ್ಲದವರಿಗೆ "ಈ ಭಾಷೆಯಲ್ಲಿ ಭೂತ ಇದೆ" ಅನ್ನಿಸಲು ಇಷ್ಟು ಸಾಕು.

ಒಂದು ದೋಷವನ್ನು ಮಾತ್ರ ವಿವರವಾಗಿ ಹೇಳಬೇಕು. ಎಎಸ್‌ಪಿ ಬಗೆಗಿನ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಅದರಿಂದಲೇ.

ದಾಸ್ತಾನು ನೋಡಿಕೊಳ್ಳುವವರಿಂದ ಒಂದು ದೂರು ಬಂತು. "ಹಳೇ ಐಟಂಗಳ ಲೆಕ್ಕ ತಿದ್ದಿದ್ರೆ ಉಳಿಯತ್ತೆ, ಹೊಸ ಐಟಂಗಳದ್ದು ಉಳಿಯಲ್ಲ. ಆದ್ರೆ ಎರಡಕ್ಕೂ ಉಳಿಸಲಾಗಿದೆ ಅಂತಾನೇ ಬರತ್ತೆ." ಡೇಟಾಬೇಸ್ ನೋಡಿದರೆ ನಿಜ. ಹೊಸ ಐಟಂಗಳ ಸಂಖ್ಯೆ ಅಲುಗಾಡಿಯೇ ಇಲ್ಲ. ಲಾಗ್‌ನಲ್ಲಿ ಏನೂ ಇಲ್ಲ. ತಂಡದಲ್ಲಿ ಒಬ್ಬರು ಡೇಟಾಬೇಸ್ ಲಾಕ್ ಅಂದರು, ಇನ್ನೊಬ್ಬರು ಬ್ರೌಸರ್ ಕ್ಯಾಶ್ ಅಂದರು. ಮೂರನೆಯವರು ಎಂದಿನಂತೆ "ಎಎಸ್‌ಪಿ ಅಂದ್ರೆ ಹೀಗೇ" ಅಂದರು.

ಪುಟವನ್ನು ಸಾಲು ಸಾಲಾಗಿ ಓದಿದೆವು. ಫಾರ್ಮ್‌ನಿಂದ ಐಟಂ ಸಂಖ್ಯೆ ತೆಗೆದು, ಸಿ-ಇಂಟ್ ಅನ್ನುವ ಫಂಕ್ಷನ್‌ಗೆ ಕೊಟ್ಟು, ವೇರಿಯಬಲ್‌ನಲ್ಲಿ ಇಡುತ್ತಿದ್ದರು. ವಿಬಿಸ್ಕ್ರಿಪ್ಟ್‌ನ ಇಂಟಿಜರ್ 16 ಬಿಟ್‌ನದು. ಅದರ ಗರಿಷ್ಠ 32767. ಐಟಂ ಸಂಖ್ಯೆ ಅಲ್ಲಿಯವರೆಗೆ ತಲುಪಲು ವರ್ಷಗಟ್ಟಲೆ ಹಿಡಿದಿತ್ತು, ಕೊನೆಗೂ ದಾಟಿತ್ತು. 32768 ಬಂದ ಕೂಡಲೇ ಓವರ್‌ಫ್ಲೋ ಎರರ್ ಆಗಬೇಕು, ಪುಟ ನಿಲ್ಲಬೇಕು. ಆದರೆ ಎಲ್ಲ ಪುಟಕ್ಕೂ ಸೇರುವ ಒಂದು ಇನ್‌ಕ್ಲೂಡ್ ಫೈಲಿನ ತಲೆಯಲ್ಲೇ "ಆನ್ ಎರರ್ ರೆಸ್ಯೂಮ್ ನೆಕ್ಸ್ಟ್" ಅನ್ನುವ ಸಾಲು ಇತ್ತು. ಎರರ್ ಬಂದರೆ ನಿಲ್ಲಬೇಡ, ಮುಂದಿನ ಸಾಲಿಗೆ ಹೋಗು ಅನ್ನುವ ಆಜ್ಞೆ ಅದು. ಹಾಗಾಗಿ ವೇರಿಯಬಲ್‌ಗೆ ಏನೂ ಬರಲಿಲ್ಲ, ಖಾಲಿಯೇ ಉಳಿಯಿತು. ಮುಂದಿನ ಸಾಲು ಎಸ್‌ಕ್ಯುಎಲ್, ಅಂದರೆ ಡೇಟಾಬೇಸಿಗೆ ಕೊಡುವ ಆಜ್ಞೆ, ಜೋಡಿಸುವುದು. "ಯಾವ ಐಟಂ ಸಂಖ್ಯೆಗೆ" ಅನ್ನುವ ಜಾಗದಲ್ಲಿ ಸಮ ಚಿಹ್ನೆ ಇದೆ, ಅದರ ಮುಂದೆ ಏನೂ ಇಲ್ಲ. ಡೇಟಾಬೇಸ್ ಅದನ್ನು ತಳ್ಳಿಹಾಕಿತು. ಆ ಎರರ್ ಕೂಡ ಅದೇ ಆಜ್ಞೆಯಲ್ಲಿ ನುಂಗಿಹೋಯಿತು. ಮೂರನೆಯ ಸಾಲು, "ಉಳಿಸಲಾಗಿದೆ" ಅಂತ ತೋರಿಸುವುದು. ಅದು ಮಾತ್ರ ಸರಿಯಾಗಿ ಕೆಲಸ ಮಾಡಿತು.

ಸಿ-ಇಂಟ್ ಇದ್ದಲ್ಲಿ ಸಿ-ಲಾಂಗ್ ಹಾಕಿದರೆ 32 ಬಿಟ್, 2147483647ರವರೆಗೆ ಚಿಂತೆ ಇಲ್ಲ. ತಿದ್ದುಪಡಿ ಒಂದೇ ಸಾಲು. ಆದರೆ ನಿಜವಾದ ಕಾಯಿಲೆ ಅದಲ್ಲ, ಮೇಲಿನ ಆಜ್ಞೆ.

ತೊಂಬತ್ತರ ದಶಕದ ಕೊನೆಯಿಂದ ಎಎಸ್‌ಪಿ ಬರೆದಿದ್ದ, ನನಗೆ ಪರಿಚಯವಿರುವ ಒಬ್ಬ ಹಿರಿಯರನ್ನು ಕೇಳಿದೆ. "ಸರ್, ಇದನ್ನ ಎಲ್ಲ ಪುಟಕ್ಕೂ ಯಾಕೆ ಹಾಕ್ತಿದ್ರಿ?" ಅವರು ತಕ್ಷಣ ಹೇಳಿದರು: "ವಿಬಿಸ್ಕ್ರಿಪ್ಟ್‌ನಲ್ಲಿ ಟ್ರೈ-ಕ್ಯಾಚ್ ಇರ್ಲಿಲ್ಲಪ್ಪ. ಎರರ್ ಹಿಡೀಬೇಕು ಅಂದ್ರೆ ಇದೊಂದೇ ದಾರಿ. ಇದನ್ನ ಹಾಕಿ, ಪ್ರತಿ ಮುಖ್ಯ ಸಾಲಿನ ನಂತರ ಎರರ್ ನಂಬರ್ ನೋಡ್ಬೇಕಿತ್ತು. ಮೊದಲನೇದು ಎಲ್ರೂ ಮಾಡಿದ್ರು. ಎರಡನೇದು ಮಾಡ್ದೆ ಬಿಟ್ರು." ಅವರ ಕೋಡಿನಲ್ಲಿ ಎರಡನೆಯದೂ ಇರುತ್ತಿತ್ತಂತೆ. ನಂಬುತ್ತೇನೆ, ಅಷ್ಟು ಶಿಸ್ತಿನ ಮನುಷ್ಯ.

ಈ ಒಂದು ಉತ್ತರದಲ್ಲಿ ಎಎಸ್‌ಪಿಯ ಪೂರ್ತಿ ಚಿತ್ರ ಇದೆ. ಭಾಷೆಯಲ್ಲಿ ನಿಜವಾದ ಕೊರತೆ ಇತ್ತು. ಆ ಕೊರತೆಯನ್ನು ತುಂಬಿಕೊಳ್ಳಲು ಒಂದು ದಾರಿಯೂ ಇತ್ತು, ಅದಕ್ಕೆ ಶಿಸ್ತು ಬೇಕಿತ್ತು. ಭಾಷೆ ಆ ಶಿಸ್ತನ್ನು ಒತ್ತಾಯ ಮಾಡಲಿಲ್ಲ. ಗಡುವಿನ ಒತ್ತಡದಲ್ಲಿ ಬರೆದವರು ಬಿಟ್ಟರು. ಇದರಲ್ಲಿ ಎಷ್ಟು ಭಾಷೆಯ ತಪ್ಪು, ಎಷ್ಟು ಬರೆದವರದ್ದು ಅಂತ ತೂಕ ಹಾಕಬಹುದು. "ಎಎಸ್‌ಪಿ ಅಂದ್ರೆ ಹೀಗೇ" ಅನ್ನುವ ಮಾತು ಮಾತ್ರ ಯಾವ ದೋಷವನ್ನೂ ಹುಡುಕಿ ಕೊಡುವುದಿಲ್ಲ.

ಆ ಸಾಲನ್ನು ಒಂದೇ ಏಟಿಗೆ ತೆಗೆಯುವ ಹಾಗಿರಲಿಲ್ಲ. ತೆಗೆದರೆ ಇಷ್ಟು ದಿನ ಮುಚ್ಚಿದ್ದ ಎಲ್ಲ ಎರರ್‌ಗಳೂ ಒಟ್ಟಿಗೆ ಬಳಕೆದಾರರ ಮುಂದೆ ಬೀಳುತ್ತವೆ. ಹಾಗಾಗಿ ಡೇಟಾಬೇಸಿಗೆ ಬರೆಯುವ ಪ್ರತಿ ಜಾಗದ ಕೆಳಗೆ ಒಂದು ಸಣ್ಣ ಪ್ರೊಸೀಜರ್ ಕರೆದೆವು. ಎರರ್ ನಂಬರ್ ಸೊನ್ನೆ ಅಲ್ಲದಿದ್ದರೆ ಪುಟದ ಹೆಸರು, ನಂಬರ್, ವಿವರಣೆ ಮೂರನ್ನೂ ಒಂದು ಫೈಲಿಗೆ ಬರೆಯುತ್ತದೆ, ಟ್ರಾನ್ಸಾಕ್ಷನ್ ಹಿಂದಕ್ಕೆ ತೆಗೆದುಕೊಳ್ಳುತ್ತದೆ, ಬಳಕೆದಾರರಿಗೆ "ಉಳಿಸಲು ಆಗಲಿಲ್ಲ" ಅಂತ ನೇರವಾಗಿ ಹೇಳುತ್ತದೆ. ಫೈಲ್ ತುಂಬತೊಡಗಿತು. ಅದನ್ನು ದಿನಾ ಓದಿ, ಒಂದೊಂದಾಗಿ ಸರಿಮಾಡಿ, ಪುಟ ಶುದ್ಧವಾದ ಮೇಲೆ ಆ ಪುಟದಿಂದ ಆಜ್ಞೆಯನ್ನು ತೆಗೆದೆವು. ಜೊತೆಗೆ ಪ್ರತಿ ಪುಟದ ತಲೆಯಲ್ಲೂ ಆಪ್ಶನ್ ಎಕ್ಸ್‌ಪ್ಲಿಸಿಟ್ ಸೇರಿಸಿದೆವು. ಘೋಷಣೆ ಮಾಡದ ವೇರಿಯಬಲ್ ಬಳಸಿದರೆ ಇದು ತಡೆಯುತ್ತದೆ. ಸ್ಪೆಲ್ಲಿಂಗ್ ತಪ್ಪಿದ ವೇರಿಯಬಲ್‌ಗಳು ಎಷ್ಟು ಸಿಕ್ಕವು ಅಂದರೆ, ಕೆಲವು ವರದಿಗಳ ಮೊತ್ತ ವರ್ಷಗಳಿಂದ ಸೊನ್ನೆ ಯಾಕೆ ಬರುತ್ತಿತ್ತು ಅಂತ ಆಗ ಗೊತ್ತಾಯಿತು.

ಎರಡನೆಯ ದೊಡ್ಡ ಕೆಲಸ ಸುರಕ್ಷತೆ. ಎಸ್‌ಕ್ಯುಎಲ್ ಇಂಜೆಕ್ಷನ್ ಅಂದರೆ ಫಾರ್ಮ್ ಅಥವಾ ವಿಳಾಸದ ಮೂಲಕ ಡೇಟಾಬೇಸಿಗೆ ಕಳ್ಳ ಆಜ್ಞೆ ನುಗ್ಗಿಸುವ ದಾಳಿ. ಅದರ ಹೆಸರು ಕೇಳಿದರೆ ಎಎಸ್‌ಪಿ ನೆನಪಾಗುವುದಕ್ಕೆ ಕಾರಣ ಇದೆ. 2008ರಲ್ಲಿ ಸ್ವಯಂಚಾಲಿತ ದಾಳಿಗಳ ಒಂದು ದೊಡ್ಡ ಅಲೆ ಬಂದಿತ್ತು. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ ಡೇಟಾಬೇಸ್ ಜೊತೆ ಕೆಲಸ ಮಾಡುವ ಎಎಸ್‌ಪಿ ಪುಟಗಳು ಅದರ ಮುಖ್ಯ ಗುರಿಯಲ್ಲಿದ್ದವು. ವಿಳಾಸದ ಕೊನೆಯಲ್ಲಿರುವ ಸಂಖ್ಯೆಯ ಜಾಗಕ್ಕೆ ಹೆಕ್ಸ್ ಅಂಕಿಗಳಲ್ಲಿ ಬಚ್ಚಿಟ್ಟ ಆಜ್ಞೆ ಕಳಿಸುತ್ತಿದ್ದರು. ಅದು ಡೇಟಾಬೇಸಿನ ಸಿಸ್ಟಂ ಟೇಬಲ್‌ಗಳನ್ನು ಓದಿ, ಯಾವ ಯಾವ ಟೇಬಲ್‌ನಲ್ಲಿ ಪಠ್ಯದ ಕಾಲಂ ಇದೆಯೋ ಎಲ್ಲದರ ಕೊನೆಗೂ ಒಂದು ದುಷ್ಟ ಸ್ಕ್ರಿಪ್ಟ್ ಕೊಂಡಿ ಅಂಟಿಸುತ್ತಿತ್ತು. ಅದು ನಿಮ್ಮ ಸೈಟು ಅಂತ ಗುರುತಿಸಿ ಬಂದ ದಾಳಿಯಲ್ಲ. ಬಾಗಿಲು ತೆರೆದಿದ್ದ ಎಲ್ಲ ಕಡೆಗೂ ನುಗ್ಗುತ್ತಿತ್ತು.

ನಮ್ಮ ಕೋಡಿನಲ್ಲಿ ಒಂದು ರಕ್ಷಣೆ ಇತ್ತು. ಪಠ್ಯದಲ್ಲಿ ಒಂಟಿ ಉದ್ಧರಣ ಚಿಹ್ನೆ ಬಂದರೆ ಅದನ್ನು ಎರಡು ಮಾಡುವುದು. ಪಠ್ಯಕ್ಕೆ ಅದು ಸ್ವಲ್ಪ ಮಟ್ಟಿಗೆ ಆಗುತ್ತದೆ. ಸಂಖ್ಯೆಯ ಜಾಗಕ್ಕೆ ಏನೂ ಪ್ರಯೋಜನ ಇಲ್ಲ, ಅಲ್ಲಿ ಉದ್ಧರಣ ಚಿಹ್ನೆಯೇ ಬೇಕಾಗಿಲ್ಲ. ಇದನ್ನು ತೋರಿಸಿದಾಗ ಆ ಹುಡುಗಿ ಕೇಳಿದಳು, "ಪ್ಯಾರಾಮೀಟರ್ ಕ್ವೆರಿ ಎಎಸ್‌ಪಿಯಲ್ಲಿ ಬರಲ್ಲ ಅಲ್ವಾ ಸರ್?" ಮೌಲ್ಯವನ್ನು ಆಜ್ಞೆಯೊಳಗೆ ಅಂಟಿಸದೆ ಬೇರೆಯಾಗಿ ಕಳಿಸುವ ಪದ್ಧತಿ ಅದು. ಎಎಸ್‌ಪಿಯಲ್ಲಿ ಅದು ಬರುವುದಿಲ್ಲ ಅಂತಲೇ ಬಹಳ ಜನ ನಂಬಿದ್ದಾರೆ. ಬರುತ್ತದೆ. ಎಎಸ್‌ಪಿ ಡೇಟಾಬೇಸ್ ಮುಟ್ಟಲು ಬಳಸುವ ಎಡಿಒ ಲೈಬ್ರರಿಯ ಕಮಾಂಡ್ ಆಬ್ಜೆಕ್ಟ್‌ನಲ್ಲಿ ಮೊದಲಿನಿಂದಲೂ ಇದೆ. ಎಸ್‌ಕ್ಯುಎಲ್‌ನಲ್ಲಿ ಮೌಲ್ಯ ಬರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಕ್ರಿಯೇಟ್ ಪ್ಯಾರಾಮೀಟರ್ ಅಂತ ಕರೆದು, ಬಗೆ, ಉದ್ದ, ಮೌಲ್ಯ ಕೊಟ್ಟು ಅದೇ ಕ್ರಮದಲ್ಲಿ ಸೇರಿಸಬೇಕು. ಬರೆಯಲು ಉದ್ದ ಅನ್ನುವುದು ನಿಜ. ಆಗಿನ ಪಾಠಗಳಲ್ಲಿ ಎಲ್ಲ ಕಡೆ ಸ್ಟ್ರಿಂಗ್ ಜೋಡಿಸುವುದನ್ನೇ ತೋರಿಸುತ್ತಿದ್ದರು, ಜನ ಅದನ್ನೇ ನಕಲು ಮಾಡಿದರು. ನಾವು ನಾಲ್ಕೈದು ಬಗೆಗಳಿಗೆ ಚಿಕ್ಕ ಸಹಾಯಕ ಫಂಕ್ಷನ್ ಬರೆದು, ಡೇಟಾಬೇಸ್ ಮುಟ್ಟುವ ಎಲ್ಲ ಸಾಲುಗಳನ್ನು ಅದರ ಮೂಲಕ ಹಾಯಿಸಿದೆವು. ಈ ಕೆಲಸ ಬೇಸರ ತರಿಸುತ್ತದೆ. ಆದರೂ ಹೇಳುತ್ತೇನೆ, ಹಳೆಯ ಎಎಸ್‌ಪಿ ಕೋಡ್ ಯಾರ ಕೈಯಲ್ಲಿದ್ದರೂ, ಬೇರೆ ಏನೂ ಮಾಡದಿದ್ದರೂ, ಇದೊಂದನ್ನು ಮಾಡಲೇಬೇಕು. ಇನ್ನೊಂದು, ಪರದೆಗೆ ಬರೆಯುವ ಪ್ರತಿ ಮೌಲ್ಯವನ್ನೂ ಎಚ್‌ಟಿಎಂಎಲ್ ಎನ್‌ಕೋಡ್ ಮೂಲಕ ಹಾಯಿಸುವುದು. ಮೌಲ್ಯದೊಳಗೆ ಎಚ್‌ಟಿಎಂಎಲ್ ಇದ್ದರೂ ಆಗ ಅದು ಬರೀ ಪಠ್ಯವಾಗಿ ಕಾಣುತ್ತದೆ. ಎಎಸ್‌ಪಿ ತಾನಾಗಿ ಇದನ್ನು ಮಾಡುವುದಿಲ್ಲ.

ವೇಗದ ದೂರುಗಳೂ ಇದ್ದವು. ಒಂದು ವರದಿ ತೆರೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಎಎಸ್‌ಪಿ ಸ್ಕ್ರಿಪ್ಟಿಗೆ ಮೊದಲಿಂದ ಇರುವ ಮಿತಿ 90 ಸೆಕೆಂಡ್. ಯಾರೋ ಅದನ್ನು ಏರಿಸಿ ಬಿಟ್ಟಿದ್ದರು. ಕಾರಣ ನೋಡಿದರೆ, ಪೂರ್ತಿ ಟೇಬಲ್‌ನ ಎಚ್‌ಟಿಎಂಎಲ್ ಅನ್ನು ಒಂದೇ ಸ್ಟ್ರಿಂಗ್‌ಗೆ ಸೇರಿಸುತ್ತಾ ಹೋಗಿ ಕೊನೆಯಲ್ಲಿ ಬರೆಯುತ್ತಿದ್ದರು. ವಿಬಿಸ್ಕ್ರಿಪ್ಟ್‌ನಲ್ಲಿ ಪ್ರತಿ ಸಲ ಸೇರಿಸಿದಾಗಲೂ ಹಿಂದಿನದೆಲ್ಲ ಹೊಸ ಜಾಗಕ್ಕೆ ನಕಲಾಗುತ್ತದೆ. ಸಾಲುಗಳು ಹೆಚ್ಚಿದಷ್ಟೂ ನಕಲಿನ ಭಾರ ಇನ್ನೂ ಬೇಗ ಏರುತ್ತದೆ. ಗೆಟ್ ರೋಸ್ ಬಳಸಿ ಎಲ್ಲ ದಾಖಲೆಯನ್ನು ಒಂದೇ ಸಲ ಅರೇಗೆ ತಂದು, ಕನೆಕ್ಷನ್ ಮುಚ್ಚಿ, ಒಂದೊಂದು ಸಾಲನ್ನೂ ನೇರವಾಗಿ ರೆಸ್ಪಾನ್ಸ್‌ಗೆ ಬರೆದೆವು. ಪುಟ ಕ್ಲಿಕ್ ಮಾಡಿದ ಕೂಡಲೇ ತೆರೆಯತೊಡಗಿತು. "ಎಎಸ್‌ಪಿ ನಿಧಾನ" ಅನ್ನುವ ಮಾತು ನಮ್ಮ ತಂಡದಲ್ಲಿ ಅಲ್ಲಿಗೆ ನಿಂತಿತು.

ಹಾಗಾದರೆ ಬಿಟ್ಟು ಹೋಗುವುದು ಯಾಕೆ? ಇಷ್ಟು ಸರಿಯಾದ ಮೇಲೆ ಅಲ್ಲೇ ಇದ್ದುಬಿಡಬಹುದಲ್ಲ ಅಂತ ಕೆಲವರು ಕೇಳಿದರು. ಕೇಳಿದವರಲ್ಲಿ ಮೊದಲು ಕಿತ್ತು ಹಾಕಿ ಅಂದವರೂ ಇದ್ದರು.

ಇರುವಂತಿಲ್ಲ. 2023ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್, ವಿಬಿಸ್ಕ್ರಿಪ್ಟನ್ನು ವಿಂಡೋಸ್‌ನಿಂದ ಮುಂದೆ ತೆಗೆಯುವುದಾಗಿ ಪ್ರಕಟಿಸಿತು. 2024ರ ಮೇ ತಿಂಗಳಲ್ಲಿ ಹಂತಗಳನ್ನೂ ಹೇಳಿತು. ಮೊದಲು ಬೇಕಾದವರು ಇಟ್ಟುಕೊಳ್ಳಬಹುದಾದ ಫೀಚರ್ ಆಗಿ, ಆನ್ ಆಗಿಯೇ ಇರುತ್ತದೆ. 2027ರ ಸುಮಾರಿಗೆ ಆಫ್ ಆಗಿ ಬರುತ್ತದೆ, ಬೇಕಿದ್ದರೆ ಆನ್ ಮಾಡಿಕೊಳ್ಳಬೇಕು. ಆಮೇಲೆ ಪೂರ್ತಿ ಹೋಗುತ್ತದೆ. ನಮ್ಮ ಅಪ್ಲಿಕೇಶನ್‌ನ ಪ್ರತಿ ಪುಟವೂ ವಿಬಿಸ್ಕ್ರಿಪ್ಟ್ ಮೇಲೆ ನಿಂತಿತ್ತು. ಇದು ರುಚಿಯ ಪ್ರಶ್ನೆ ಅಲ್ಲ, ಬುನಾದಿಯದ್ದು. ಸುತ್ತಲಿನ ಬೇರೆ ಭಾಗಗಳೂ ಸರಿಯುತ್ತಿವೆ. ಡೇಟಾಬೇಸ್ ಸರ್ವರ್, ಸಂಪರ್ಕವನ್ನು ಗುಪ್ತವಾಗಿಡುವ ಟಿಎಲ್‌ಎಸ್ ಪದ್ಧತಿಯಲ್ಲಿ 1.2 ಮಾತ್ರ ಒಪ್ಪುವಂತೆ ಬದಲಾಯಿಸಿದಾಗ ಹಳೆಯ ಎಸ್‌ಕ್ಯುಎಲ್‌ಒಎಲ್‌ಇಡಿಬಿ ಡ್ರೈವರ್ ಕೈಕೊಟ್ಟಿತು. 2018ರಲ್ಲಿ ಬಂದ ಎಂಎಸ್‌ಒಎಲ್‌ಇಡಿಬಿಎಸ್‌ಕ್ಯುಎಲ್ ಡ್ರೈವರ್ ಹಾಕಿ, ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಡೇಟಾ ಟೈಪ್ ಕಂಪ್ಯಾಟಿಬಿಲಿಟಿಯನ್ನು 80 ಅಂತ ಕೊಟ್ಟ ಮೇಲೆ ಎಡಿಒ ಮತ್ತೆ ಸುಮ್ಮನೆ ಓಡಿತು. ಈ ಸಲ ದಾರಿ ಇತ್ತು. ಮುಂದೆ ಒಂದು ದಿನ ಇರುವುದಿಲ್ಲ. ಜೊತೆಗೆ ಜನರ ವಿಷಯ. ಇದನ್ನು ಕಲಿಯಲು ಒಪ್ಪುವ ಹೊಸಬರು ಸಿಗುವುದಿಲ್ಲ, ಅವರ ಮುಂದಿನ ಕೆಲಸಕ್ಕೆ ಇದು ಉಪಯೋಗಕ್ಕೆ ಬರುವುದಿಲ್ಲ ಅನ್ನುವುದು ಅವರಿಗೂ ಗೊತ್ತು. ಅವರನ್ನು ದೂರುವಂತಿಲ್ಲ.

ಸಾಗಿಸುವ ದಾರಿ ಆರಿಸುವಾಗ ಪೂರ್ತಿ ಹೊಸದಾಗಿ ಬರೆದು ಒಂದು ದಿನ ಬದಲಾಯಿಸುವ ಯೋಜನೆಯನ್ನು ಬಿಟ್ಟೆವು. ಹಳೆಯದು ಓಡುತ್ತಲೇ ಇರಲಿ, ಮುಂದೆ ಒಂದು ಪ್ರಾಕ್ಸಿ ಇರಲಿ, ಹೊಸದಾಗಿ ಬರೆದ ಪುಟದ ವಿಳಾಸ ಬಂದರೆ ಹೊಸ ಅಪ್ಲಿಕೇಶನ್‌ಗೆ ಕಳಿಸಲಿ, ಉಳಿದದ್ದು ಹಳೆಯದಕ್ಕೆ ಹೋಗಲಿ ಅಂತ ನಿರ್ಧಾರ ಆಯಿತು. ಹೊಸದು ಎಎಸ್‌ಪಿ ಡಾಟ್ ನೆಟ್ ಕೋರ್, ಹೆಸರು ಬಿಟ್ಟರೆ ಹಳೆಯ ಎಎಸ್‌ಪಿಗಿಂತ ಬೇರೆಯೇ ವ್ಯವಸ್ಥೆ. ತಂಡಕ್ಕೆ ಅದು ಗೊತ್ತಿತ್ತು, ಬೇರೆ ವಿಶೇಷ ಕಾರಣ ಇಲ್ಲ.

ಇಲ್ಲಿ ಬಂದ ಮೊದಲ ತೊಡಕು ಲಾಗಿನ್. ಯಾರು ಲಾಗಿನ್ ಆಗಿದ್ದಾರೆ ಅನ್ನುವ ನೆನಪು, ಅಂದರೆ ಹಳೆಯ ಎಎಸ್‌ಪಿಯ ಸೆಷನ್, ಐಐಎಸ್ ಮೆಮೊರಿಯಲ್ಲಿ ಕೂತಿರುತ್ತದೆ. ಹೊಸ ಅಪ್ಲಿಕೇಶನ್‌ಗೆ ಅದನ್ನು ನೋಡಲು ಆಗುವುದಿಲ್ಲ. ಒಂದು ಪುಟದಿಂದ ಇನ್ನೊಂದಕ್ಕೆ ಹೋದ ಕೂಡಲೇ ಮತ್ತೆ ಪಾಸ್‌ವರ್ಡ್ ಕೇಳಿದರೆ ಬಳಸುವವರು ಸುಮ್ನಿರುತ್ತಾರಾ? ಡೇಟಾಬೇಸಿನಲ್ಲಿ ಒಂದು ಟೇಬಲ್ ಮಾಡಿದೆವು. ಲಾಗಿನ್ ಆದಾಗ ಹಳೆಯ ಪುಟ ಒಂದು ಗುರುತು ಹುಟ್ಟಿಸಿ ಅಲ್ಲಿ ಬರೆದು, ಕುಕಿಯಲ್ಲೂ ಇಡುತ್ತಿತ್ತು. ಹೊಸದು ಕುಕಿ ಓದಿ ಟೇಬಲ್‌ನಲ್ಲಿ ಹೊಂದಿಸಿ ನೋಡುತ್ತಿತ್ತು. ಎಎಸ್‌ಪಿಯಲ್ಲಿ ಗುರುತು ಹುಟ್ಟಿಸಲು ಸ್ಕ್ರಿಪ್ಟ್‌ಲೆಟ್ ಟೈಪ್‌ಲಿಬ್ ಅನ್ನುವ ಹಳೆಯ ಆಬ್ಜೆಕ್ಟ್ ಇದೆ. ಅದು ಕೊಡುವ ಸ್ಟ್ರಿಂಗ್‌ನ ಬಾಲದಲ್ಲಿ ಕಣ್ಣಿಗೆ ಕಾಣದ ಹೆಚ್ಚುವರಿ ಅಕ್ಷರ ಇರುತ್ತದೆ. ಮೊದಲ 38 ಅಕ್ಷರ ಮಾತ್ರ ಕತ್ತರಿಸಿಕೊಳ್ಳಬೇಕು, ಇಲ್ಲದಿದ್ದರೆ ಎರಡು ಕಡೆಯ ಗುರುತು ಯಾವತ್ತೂ ಹೊಂದುವುದಿಲ್ಲ. ಆ ಹಿರಿಯರು ಇದನ್ನು ಫೋನಿನಲ್ಲೇ ಹೇಳಿದರು. ಇಷ್ಟು ವರ್ಷದ ಮೇಲೂ ಅವರ ನೆನಪಿನಲ್ಲಿತ್ತು.

ಹೊಸ ಪುಟ ಸರಿ ಇದೆ ಅಂತ ಹೇಗೆ ನಂಬುವುದು? ಹಳೆಯದಕ್ಕೆ ಟೆಸ್ಟ್‌ಗಳಿಲ್ಲ. ಬರೆದಿಟ್ಟ ನಿಯಮಗಳಿಲ್ಲ. ಹಾಗಾಗಿ ಹಳೆಯ ಪುಟವನ್ನೇ ಸಾಕ್ಷಿ ಮಾಡಿಕೊಂಡೆವು. ಅದೇ ಡೇಟಾ, ಅದೇ ಇನ್‌ಪುಟ್ ಎರಡಕ್ಕೂ ಕೊಟ್ಟು, ಬಂದ ಅಂಕಿಗಳನ್ನು ಯಂತ್ರದಿಂದಲೇ ಹೋಲಿಸಿದೆವು. ಮೊದಲ ಹೋಲಿಕೆಯಲ್ಲೇ ಕೆಲವು ಮೊತ್ತಗಳಲ್ಲಿ ಕೊನೆಯ ಅಂಕಿ ಬೇರೆ ಬಂತು. ಬಹಳ ಸಾಲುಗಳಲ್ಲಿ ಸರಿ, ಕೆಲವೇ ಕೆಲವಲ್ಲಿ ಒಂದರ ವ್ಯತ್ಯಾಸ. ವಿಬಿಸ್ಕ್ರಿಪ್ಟ್‌ನ ರೌಂಡ್ ಫಂಕ್ಷನ್, ಸರಿಯಾಗಿ ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 2.5 ಕೊಟ್ಟರೆ 2, 3.5 ಕೊಟ್ಟರೆ 4. ಹೊಸ ಪುಟದಲ್ಲಿ ಲೆಕ್ಕ ಡೇಟಾಬೇಸಿನ ಒಳಗೇ ಆಗುತ್ತಿತ್ತು. ಎಸ್‌ಕ್ಯುಎಲ್ ಸರ್ವರಿನ ರೌಂಡ್ 2.5 ಅನ್ನು 3 ಮಾಡುತ್ತದೆ. ವಿಚಿತ್ರ ಅಂದರೆ ಹಳೆಯ ಪುಟದಲ್ಲೇ ಎರಡು ಪದ್ಧತಿ ಇದ್ದವು. ಲೆಕ್ಕಕ್ಕೆ ರೌಂಡ್, ತೋರಿಸಲು ಫಾರ್ಮ್ಯಾಟ್ ನಂಬರ್. ಎರಡನೆಯದು 2.5 ಅನ್ನು 3 ಅಂತ ತೋರಿಸುತ್ತದೆ. ಲೆಕ್ಕ ವಿಭಾಗದವರ ಹತ್ತಿರ ಕೂತು ಯಾವುದು ಸರಿ ಅಂತ ಕೇಳಿದೆವು. ಅವರು ಇಷ್ಟು ವರ್ಷವೂ ಕೊನೆಯಲ್ಲಿ ಒಂದು ಹೊಂದಾಣಿಕೆ ಸಾಲು ಹಾಕಿ ಸರಿದೂಗಿಸುತ್ತಿದ್ದರಂತೆ, ಕಾರಣ ಗೊತ್ತಿಲ್ಲದೆ. ಹೊಸದರಲ್ಲಿ ಒಂದೇ ಪದ್ಧತಿ ಇಟ್ಟೆವು, ಆ ಸಾಲು ಬೇಕಾಗಲಿಲ್ಲ.

ಪೂರ್ತಿ ಹೊಸದಾಗಿ ಬರೆದುಬಿಡೋಣ ಅಂದಿದ್ದರೆ ಕಳೆದುಹೋಗುತ್ತಿದ್ದದ್ದು ಇಂಥವೇ. ಒಂದು ಪುಟದಲ್ಲಿ ನಿರ್ದಿಷ್ಟ ಬಗೆಯ ಐಟಂಗೆ ವಿತರಣೆ ತಡೆಯುವ ಇಫ್ ಇತ್ತು. ನೋಡಿದರೆ ಅರ್ಥವಿಲ್ಲದ ಸಾಲು. ಕೇಳಿದಾಗ ಗೊತ್ತಾಯಿತು, ಆ ಬಗೆಯ ಐಟಂ ಎರಡು ಜನರ ಸಹಿ ಇಲ್ಲದೆ ಹೊರಗೆ ಹೋಗುವಂತಿಲ್ಲ. ಆ ನಿಯಮ ಬೇರೆ ಯಾವ ಕಾಗದದಲ್ಲೂ ಇರಲಿಲ್ಲ. ಆ ಹುಡುಗಿ ಇಂಥ ಸಾಲುಗಳನ್ನು ಹುಡುಕಿ ಒಂದು ಪಟ್ಟಿ ಮಾಡತೊಡಗಿದಳು. ಯಾವ ಪುಟ, ಯಾವ ಸಾಲು, ಯಾಕಿದೆ, ಯಾರು ಹೇಳಿದರು. ಪ್ರತಿಯೊಂದಕ್ಕೂ ಹೊಸ ಅಪ್ಲಿಕೇಶನ್‌ನಲ್ಲಿ ಒಂದು ಟೆಸ್ಟ್ ಬರೆದಳು. ಎಎಸ್‌ಪಿ ಕೋಡನ್ನು ಈಗ ತಂಡದಲ್ಲಿ ಎಲ್ಲರಿಗಿಂತ ವೇಗವಾಗಿ ಓದುವವಳು ಅವಳೇ. ಅವಳಿಗೆ ಆ ಭಾಷೆ ಇಷ್ಟವಾಗಿಲ್ಲ, ಇಷ್ಟವಾಗಬೇಕು ಅಂತಲೂ ಇಲ್ಲ. ಹೊಸದಾಗಿ ಬಂದ ಯಾರಾದರೂ "ಇದನ್ನ ಯಾರು ಬರೆದ್ರು" ಅಂತ ಮೂಗು ಮುರಿದರೆ ಮಾತ್ರ ಆ ಪಟ್ಟಿಯನ್ನು ತೆರೆದು ಮುಂದಿಡುತ್ತಾಳೆ.

ಬರೆಯುವ ಪುಟಗಳೆಲ್ಲ ಈಗ ಹೊಸದರಲ್ಲಿವೆ. ಹಳೆಯದರ ಡೇಟಾಬೇಸ್ ಖಾತೆಗೆ ಓದುವ ಅನುಮತಿ ಮಾತ್ರ ಉಳಿಸಿದ್ದೇವೆ. ಅಲ್ಲಿ ಇನ್ನೂ ಓಡುತ್ತಿರುವುದು ವರ್ಷಾಂತ್ಯದ ಕೆಲವು ವರದಿಗಳು. ಅವುಗಳ ಲೆಕ್ಕವನ್ನು ಹೊಸದರ ಜೊತೆ ಒಂದು ಪೂರ್ತಿ ವರ್ಷಾಂತ್ಯದಲ್ಲಿ ಹೋಲಿಸಿ ನೋಡಿದ ಮೇಲೆ ಅವನ್ನೂ ಸಾಗಿಸುತ್ತೇವೆ.